ಅಟ್ಟದ ಮೇಲಿನ ಮಾಲ್ಗುಡಿ

ಹಳೆಯ ವಿಡಿಯೋ ಕ್ಯಾಸೆಟ್ ಸಿಕ್ಕಿತು ಎಂದು ಯಾರಾದರೂ ಫೋನ್ ಮಾಡಿದರೆ ನಮ್ಮ ಬಾಯಿಂದ ಬರುವ ಮೊದಲ ಮಾತು ಒಂದೇ: "ದಯವಿಟ್ಟು ಅದನ್ನು ಹಾಕಿ ನೋಡಬೇಡಿ." ಹೆಚ್ಚಿನವರು ಅಷ್ಟರಲ್ಲಿ ನೋಡಿ ಆಗಿರುತ್ತದೆ. ನೆರೆಮನೆಯಿಂದ ಅದನ್ನು ಓಡಿಸುವ ವಿಸಿಆರ್ ತಂದು, ಇಪ್ಪತ್ತು ವರ್ಷ ಅಲುಗಾಡದ ರೀಲನ್ನು ಒಮ್ಮೆಲೇ ಮುಂದಕ್ಕೆ ಓಡಿಸಿ, "ಸ್ವಲ್ಪ ಚಿತ್ರ ಬಂತು, ಮತ್ತೆ ಬರೀ ಗೆರೆ" ಎನ್ನುತ್ತಾರೆ. ಆ ಸ್ವಲ್ಪ ಚಿತ್ರವೇ ನಮಗೆ ಬೇಕಾಗಿದ್ದದ್ದು. ಕಾಸರಗೋಡಿನ ಮಳೆಗಾಲಗಳನ್ನು ಅಟ್ಟದಲ್ಲಿ ಕಳೆದ ವಿಎಚ್‌ಎಸ್ ಟೇಪಿನಲ್ಲಿ ಎಷ್ಟೋ ಸಲ ಒಂದೇ ಓಟಕ್ಕೆ ಸಾಕಾಗುವಷ್ಟು ಜೀವ ಉಳಿದಿರುತ್ತದೆ. ಆ ಓಟ ಕಂಪ್ಯೂಟರಿನಲ್ಲಿ ದಾಖಲಾಗುತ್ತಿರುವಾಗಲೇ ಖರ್ಚಾಗಬೇಕು. ಮುಂದೆ ಬರೆದಿರುವುದೆಲ್ಲ ಆ ಒಂದು ಓಟಕ್ಕೆ ಮಾಡಿಕೊಂಡ ತಯಾರಿ.

ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಏರಿಸುವ ನಮ್ಮ ಕೆಲಸ ಶುರುವಾದದ್ದು 2022ರ ಕೊನೆಯಲ್ಲಿ. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ನಿರ್ದೇಶಿಸಿದ್ದ 'ಮಾಯಾಮೃಗ' 1998ರಲ್ಲಿ ದೂರದರ್ಶನದ ಕನ್ನಡ ವಾಹಿನಿಯಲ್ಲಿ ಬಂದಿತ್ತು. ಅದರ ಮುಂದುವರಿಕೆ 'ಮತ್ತೆ ಮಾಯಾಮೃಗ' ಆಗ ಸಿರಿ ಕನ್ನಡ ವಾಹಿನಿಯಲ್ಲಿ ಆರಂಭವಾಯಿತು. ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಮನೆಗಳಲ್ಲಿ ಒಂದೇ ಮಾತು: ಹಳೇದನ್ನು ಇನ್ನೊಮ್ಮೆ ನೋಡದೆ ಹೊಸದು ತಲೆಗೆ ಹತ್ತುವುದಿಲ್ಲ. "ನಮ್ಮಲ್ಲಿ ರೆಕಾರ್ಡ್ ಮಾಡಿ ಇಟ್ಟದ್ದು ಉಂಟು ಮಾಷ್ಟ್ರೇ" ಎಂದು ಒಬ್ಬೊಬ್ಬರೇ ತಂದುಕೊಟ್ಟದ್ದು ಒಟ್ಟು 38 ಕ್ಯಾಸೆಟ್. ಅದರಲ್ಲಿ ಮಾಯಾಮೃಗ ಇದ್ದದ್ದು ಅರ್ಧಕ್ಕಿಂತ ಕಡಿಮೆ. ಉಳಿದದ್ದು ಮದುವೆ, ಯಕ್ಷಗಾನ, ಕ್ರಿಕೆಟ್, ಮತ್ತೆ 'ಮಾಲ್ಗುಡಿ ಡೇಸ್'. ಈ ಕೊನೆಯದರಲ್ಲಿ ಎರಡೂ ಕಾಲದ್ದು ಸಿಕ್ಕಿತು. ಶಂಕರ್‌ನಾಗ್ ನಿರ್ದೇಶಿಸಿ ಆಗುಂಬೆಯಲ್ಲಿ ತೆಗೆದ ಎಂಬತ್ತರ ದಶಕದ ಕಂತುಗಳು ಒಂದು ಕಡೆ. ಅವರು ತೀರಿಹೋಗಿ ಹದಿನೈದು ವರ್ಷ ದಾಟಿದ ಮೇಲೆ, 2006ರಲ್ಲಿ, ಕವಿತಾ ಲಂಕೇಶ್ ನಿರ್ದೇಶನದಲ್ಲಿ ಮತ್ತೆ ಬಂದ 15 ಕಂತುಗಳಲ್ಲಿ ಕೆಲವು ಇನ್ನೊಂದು ಕಡೆ. ಒಂದು ಧಾರಾವಾಹಿ ಮರಳಿ ಬಂದ ನೆಪದಲ್ಲಿ ಅದಕ್ಕಿಂತ ಮೊದಲೇ ಮರಳಿ ಬಂದಿದ್ದ ಇನ್ನೊಂದು ಅಟ್ಟದಿಂದ ಇಳಿಯಿತು.

ಇವುಗಳಲ್ಲಿ ಬಹಳಷ್ಟು ಇವತ್ತು ಯೂಟ್ಯೂಬಿನಲ್ಲೇ ಸಿಗುತ್ತದಲ್ಲ, ಮತ್ತೇಕೆ ಈ ಒದ್ದಾಟ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಮನೆಯ ಟೇಪಿನಲ್ಲಿರುವುದು ಕಂತು ಮಾತ್ರ ಅಲ್ಲ; ಮೊದಲಿನ ಪ್ರಕಟಣೆ, ನಡುವಿನ ಜಾಹೀರಾತು, "ರುಕಾವಟ್ ಕೆ ಲಿಯೇ ಖೇದ್ ಹೈ" ಎಂಬ ಫಲಕ, ಮುಗಿದ ಕೂಡಲೇ ಬಂದ ವಾರ್ತೆ, ಎಲ್ಲ ಉಂಟು. ಬಿಬಿಸಿಯ 'ಡಾಕ್ಟರ್ ಹೂ' 1989ರಲ್ಲಿ ನಿಂತು 2005ರಲ್ಲಿ ಪುನಃ ಸರಣಿಯಾಗಿ ಬಂತು. ಅದರ ಅರುವತ್ತರ ದಶಕದ ಕಂತುಗಳ ಟೇಪುಗಳನ್ನು ಸಂಸ್ಥೆಯೇ ಅಳಿಸಿ ಮರುಬಳಕೆ ಮಾಡಿತ್ತು. ಕಳೆದುಹೋದ ಆ ಕಂತುಗಳ ಧ್ವನಿ ಇವತ್ತು ಕೇಳಲು ಸಿಗುವುದು ಅಂದಿನ ವೀಕ್ಷಕರು ಮನೆಯಲ್ಲಿ ಕೂತು ರೆಕಾರ್ಡ್ ಮಾಡಿದ್ದರಿಂದ. ನಿಲಯದ ಕಪಾಟಿನಲ್ಲಿ ಇದ್ದೇ ಇರುತ್ತದೆ ಎಂದು ನಂಬಿ ಮನೆಯದನ್ನು ಗುಜರಿಗೆ ಹಾಕುವುದು ಸರಿಯಲ್ಲ.

ನಮ್ಮ ಕಡೆಯ ಟೇಪುಗಳಿಗೆ ಇನ್ನೊಂದು ಗುಣ ಉಂಟು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಟಿವಿ ಬಂದ ಮೇಲೆ ಕನ್ನಡದ ಮನೆಗಳ ಆಂಟೆನಾ ಮಾತ್ರ ಮಂಗಳೂರಿನ ಕಡೆಗೇ ಮುಖ ಮಾಡಿತು. ಅಡಕೆಮರಕ್ಕೆ ಕಟ್ಟಿದ ಕಂಬ, ತುದಿಯಲ್ಲಿ ಬೂಸ್ಟರ್, ನಡುವೆ ಗುಡ್ಡ. ಬಂದದ್ದೇ ಅರೆಬರೆ ಸಿಗ್ನಲ್, ಅದನ್ನೇ ಟೇಪು ಹಿಡಿದುಕೊಂಡಿದೆ. ಗುಡ್ಡಕ್ಕೆ ಬಡಿದು ತಡವಾಗಿ ಬಂದ ಅಲೆಯಿಂದ ಪ್ರತಿ ಮುಖದ ಪಕ್ಕದಲ್ಲಿ ಒಂದು ನೆರಳುಮುಖ. ಇದನ್ನು ಪೂರ್ತಿ ತೆಗೆಯುವುದು ಬಹಳ ಕಷ್ಟ, ಹಾಗೇ ಬಿಟ್ಟೆವು. ಸಿಗ್ನಲ್ ಕುಗ್ಗಿದಾಗ ಚಿತ್ರದ ಸಾಲುಗಳನ್ನು ಲೆಕ್ಕದಲ್ಲಿಡುವ ಸಿಂಕ್ ಕೂಡ ಕುಗ್ಗಿರುತ್ತದೆ. ಕಂಪ್ಯೂಟರಿಗೆ ಏರಿಸುವಾಗ ಅತಿ ಹೆಚ್ಚು ಕಾಡುವುದು ಅದು.

ತಂದ ಕ್ಯಾಸೆಟ್‌ಗಳನ್ನು ಮೊದಲು ಬೇರೆ ಬೇರೆ ಪ್ಲಾಸ್ಟಿಕ್ ಚೀಲಗಳಲ್ಲಿ ಹಾಕಿ, ಮೇಲೆ ಅಂಕಿ ಬರೆದು, ಒಂದರ ಮೈಗೆ ಒಂದು ತಾಗದಂತೆ ಇಟ್ಟೆವು. ಬೆನ್ನಿನ ಬದಿಯಲ್ಲಿ ಮುರಿದರೆ ಮತ್ತೆ ರೆಕಾರ್ಡ್ ಆಗದಂತೆ ತಡೆಯುವ ಸಣ್ಣ ಪ್ಲಾಸ್ಟಿಕ್ ಎಸಳು ಇನ್ನೂ ಇದ್ದರೆ ಅವತ್ತೇ ಮುರಿಯಬೇಕು. ಅದಿದ್ದರೆ ತಪ್ಪು ಗುಂಡಿ ಒತ್ತಿದ ಕ್ಷಣದಲ್ಲಿ ಮಾಲ್ಗುಡಿಯ ಮೇಲೆ ಖಾಲಿ ಚಾನೆಲಿನ ಮಳೆ ಸುರಿಯುತ್ತದೆ. ಆಮೇಲೆ ಟಾರ್ಚು ಹಿಡಿದು ಕ್ಯಾಸೆಟ್ಟಿನ ಕಿಟಕಿಯಿಂದ ನೋಡುವುದು. ಆರೋಗ್ಯವಂತ ಟೇಪಿನ ಸುತ್ತು ಕನ್ನಡಿಯ ಹಾಗೆ ಕಪ್ಪಗೆ ಮಿನುಗುತ್ತದೆ. ಅಂಚಿನಲ್ಲಿ ಬಿಳಿ ಹಿಟ್ಟು ಚೆಲ್ಲಿದಂತೆ, ಇಲ್ಲವೇ ಜೇಡರಬಲೆ ಕಟ್ಟಿದಂತೆ ಕಂಡರೆ ಅದು ಬೂಷ್ಟು. 38ರಲ್ಲಿ 21 ಬೂಷ್ಟಿನವು. ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ, ಆಟಿ (ಜುಲೈ–ಆಗಸ್ಟ್) ತಿಂಗಳಲ್ಲಿ ಮನೆಯೊಳಗಿನ ತೇವಾಂಶ ಶೇಕಡಾ 90: ಇದರಲ್ಲಿ ಆಶ್ಚರ್ಯವೇನೂ ಇಲ್ಲ. ವಿಚಿತ್ರವೆಂದರೆ ಅಡುಗೆಮನೆಯ ಮೇಲಿನ ಹೊಗೆಯಟ್ಟದಲ್ಲಿದ್ದ ಕ್ಯಾಸೆಟ್‌ಗಳು ಮಸಿ ಹಿಡಿದು ಕರ್ರಗಾಗಿದ್ದರೂ ಒಳಗೆ ಬೂಷ್ಟಿಲ್ಲದೆ ಉಳಿದಿದ್ದವು. ನೆಲಮಾಳಿಗೆಯ ಉಕ್ಕಿನ ಕಪಾಟಿನಲ್ಲಿ ಜೋಪಾನವಾಗಿ ಬೀಗ ಹಾಕಿ ಇಟ್ಟದ್ದು ಪೂರ್ತಿ ಹಾಳಾಗಿತ್ತು. ಗಾಳಿಯಾಡದ ಜಾಗದ ಜೋಪಾನ ಟೇಪಿಗೆ ಆಗಿಬರುವುದಿಲ್ಲ.

ಬೂಷ್ಟು ಹಿಡಿದ ಒಂದು ಟೇಪನ್ನು ವಿಸಿಆರಿಗೆ ಹಾಕಿದರೆ ಆ ಟೇಪು ಮಾತ್ರ ಕೆಡುವುದಿಲ್ಲ. ಬೂಷ್ಟಿನ ಬೀಜ ಟೇಪನ್ನು ಓದುವ ತಿರುಗುವ ಡ್ರಮ್ಮಿಗೂ ರೋಲರಿಗೂ ಅಂಟಿ, ಮುಂದೆ ಹಾಕಿದ ಪ್ರತಿ ಕ್ಯಾಸೆಟ್ಟಿಗೂ ಹೋಗುತ್ತದೆ. ಒದ್ದೆ ಬೂಷ್ಟು ಮೆತ್ತಗೆ ಹರಡುತ್ತದೆ, ಒಣಗಿದ್ದು ಪುಡಿಯಾಗಿ ಉದುರುತ್ತದೆ. ಆದ್ದರಿಂದ ಒಣಗಿಸುವುದೇ ಮೊದಲು. ಬಿಸಿಲಿಗಿಟ್ಟರೆ ಸಾಕಲ್ಲ ಎಂದು ಎಲ್ಲರೂ ಹೇಳುತ್ತಾರೆ, ಹಪ್ಪಳವೂ ಅಡಕೆಯೂ ಒಣಗುವ ಅಂಗಳವೇ ಇದೆಯಲ್ಲ! ಬೇಡ. ಕಪ್ಪು ಪೆಟ್ಟಿಗೆ ಬಿಸಿಲಿಗೆ ಬೇಗ ಕಾದು ಬಾಗುತ್ತದೆ, ಒಳಗಿನ ಸುತ್ತು ಒಂದು ಕಡೆ ಬಿಗಿದು ಇನ್ನೊಂದು ಕಡೆ ಸಡಿಲವಾಗುತ್ತದೆ, ಅಂಚು ಮಡಚುತ್ತದೆ. ಮಡಚಿದ ಅಂಚು ಮತ್ತೆ ನೇರವಾಗುವುದಿಲ್ಲ. ಹೇರ್ ಡ್ರೈಯರ್ ಕೂಡ ಅದೇ ಕೇಡು. ನಾವು ಮಾಡಿದ್ದು ಇಷ್ಟು: ರಬ್ಬರ್ ಅಂಚಿನ ದೊಡ್ಡ ಪ್ಲಾಸ್ಟಿಕ್ ಡಬ್ಬ, ಹತ್ತು ಕ್ಯಾಸೆಟ್ಟಿಗೆ ಅರ್ಧ ಕಿಲೋ ಬಣ್ಣ ಬದಲಾಗುವ ಸಿಲಿಕಾ ಜೆಲ್, ಒಳಗೊಂದು ಅಗ್ಗದ ತೇವಮಾಪಕ. ಕ್ಯಾಸೆಟ್‌ಗಳನ್ನು ಪುಸ್ತಕದ ಹಾಗೆ ನಿಲ್ಲಿಸಿ ಮುಚ್ಚಳ ಹಾಕಿದೆವು. ಮುಳ್ಳು 40ರ ಕೆಳಗೆ ಇಳಿದ ಮೇಲೂ ಎರಡು ವಾರ ಬಿಡಬೇಕು, ಏಕೆಂದರೆ ಡಬ್ಬದ ಗಾಳಿ ಒಣಗಿದಷ್ಟು ಬೇಗ ಸುತ್ತಿದ ಟೇಪಿನ ಒಳಪದರ ಒಣಗುವುದಿಲ್ಲ. ಬಣ್ಣ ತಿರುಗಿದ ಜೆಲ್ಲನ್ನು ಓವನಿನಲ್ಲಿ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಸಿದರೆ ಪುನಃ ಬಳಸಬಹುದು. ಅಡುಗೆಯ ಓವನ್ ಆಗದಿದ್ದರೆ ಒಳ್ಳೆಯದು.

ಒಣಗಿದ ಬೂಷ್ಟನ್ನು ತೆಗೆಯುವುದು ಮನೆಯ ಹೊರಗೆ, ಜಗಲಿಯ ಗಾಳಿಗೆ ಬೆನ್ನು ಕೊಟ್ಟು, ಎನ್95 ಮಾಸ್ಕ್ ಮತ್ತು ಕೈಗವಸು ಹಾಕಿಕೊಂಡು. ಕ್ಯಾಸೆಟ್ಟಿನ ಕೆಳಮೈಯಲ್ಲಿ ಐದು ಸ್ಕ್ರೂ. ಅವನ್ನು ಬಿಚ್ಚಿ, ಮೇಲ್ಮೈ ಮೇಲಕ್ಕಿರುವಂತೆ ತಿರುಗಿಸಿ, ಮುಚ್ಚಳ ಎತ್ತಬೇಕು. ಬಿಚ್ಚಿದ ಹಾಗೇ ಅಡಿಮೇಲಾಗಿ ಎತ್ತಿದರೆ ಸಣ್ಣ ಸ್ಪ್ರಿಂಗೂ ರೋಲರೂ ನೆಲದ ಪಾಲು. ಎತ್ತುವ ಮುಂಚೆ ಒಂದು, ಎತ್ತಿದ ಮೇಲೆ ಒಂದು ಫೋಟೋ ತೆಗೆದಿಟ್ಟರೆ ಮತ್ತೆ ಜೋಡಿಸುವಾಗ ಟೇಪು ಯಾವ ಕಂಬದ ಹಿಂದಿನಿಂದ ಹೋಗಿತ್ತು ಎಂದು ಜಗಳವಾಡಬೇಕಾಗುವುದಿಲ್ಲ. ಅಂಚಿನ ಪುಡಿಯನ್ನು ಮೆತ್ತನೆಯ ಬ್ರಶ್ಶಿನಿಂದ, ಅತಿ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರಿನ ವ್ಯಾಕ್ಯೂಮ್ ಪಕ್ಕದಲ್ಲೇ ಹಿಡಿದುಕೊಂಡು ಉದುರಿಸಿದೆವು. ಟೇಪಿನ ಮೈ ಒರೆಸಲು ಕೈಯಿಂದ ತಿರುಗಿಸುವ ಒಂದು ಚರಕ ಮಾಡಿಕೊಂಡೆವು: ಕೆಟ್ಟ ರಿವೈಂಡರಿನ ಮೋಟಾರು ಕಳಚಿ ಹಿಡಿ ಕೂರಿಸಿದ್ದು. ಕನ್ನಡಕ ಒರೆಸುವ ಬಟ್ಟೆಯ ಎರಡು ತುಂಡುಗಳ ನಡುವಿನಿಂದ ಟೇಪು ಹಾದುಹೋಗಬೇಕು, ಒತ್ತಡ ಹೂವು ಹಿಡಿದಷ್ಟೇ. ಮೂರು ಗಂಟೆಯ ಒಂದು ಇ-180 ಕ್ಯಾಸೆಟ್ಟಿನಲ್ಲಿ ಸುಮಾರು 250 ಮೀಟರ್ ಟೇಪು ಇರುತ್ತದೆ. ಒಂದು ಸಲ ಆಚೆ, ಒಂದು ಸಲ ಈಚೆ ಎಂದರೆ ಅರ್ಧ ಕಿಲೋಮೀಟರ್. ಬಟ್ಟೆ ಪ್ರತಿ ಹತ್ತು ಮೀಟರಿಗೆ ಜಾಗ ಬದಲಿಸಬೇಕು. ಒಂದು ಕ್ಯಾಸೆಟ್ಟಿಗೆ ಒಂದೂವರೆ ಗಂಟೆ ಹೋಗುತ್ತದೆ. ಒಣಬಟ್ಟೆಗೆ ಬಗ್ಗದ ಕಲೆಗೆ ಮಾತ್ರ 99 ಶೇಕಡಾದ ಐಸೊಪ್ರೊಪೈಲ್ ಆಲ್ಕೊಹಾಲ್, ಅದೂ ಬಟ್ಟೆ ತೇವವಾಗುವಷ್ಟು. ಔಷಧದಂಗಡಿಯ 70 ಶೇಕಡಾದ ಸ್ಪಿರಿಟ್ಟಿನಲ್ಲಿ ಉಳಿದದ್ದು ನೀರು. ಒಣಗಿಸಲು ಪಟ್ಟ ಪಾಡೆಲ್ಲ ವ್ಯರ್ಥ.

ಹಳೆಯ ಪೆಟ್ಟಿಗೆಯನ್ನು ಮರಳಿ ಬಳಸಲಿಲ್ಲ. ಯಾರಿಗೂ ಬೇಡವಾದ ಒಳ್ಳೆಯ ಸ್ಥಿತಿಯ ಕ್ಯಾಸೆಟ್ಟನ್ನು ಬಿಚ್ಚಿ, ಅದರ ರೀಲು ತೆಗೆದು, ತೊಳೆದ ರೀಲನ್ನು ಅದರೊಳಗೆ ಕೂರಿಸುವುದು ಲೇಸು. ಹಳೆಯ ಪೆಟ್ಟಿಗೆಯ ಲೇಬಲನ್ನು ಮಾತ್ರ ಫೋಟೋ ತೆಗೆದು ಜೊತೆಗಿಡಬೇಕು. "ಇದರ ಮೇಲೆ ರೆಕಾರ್ಡ್ ಮಾಡಬಾರದು – ಅಪ್ಪ" ಎಂದು ಕೆಂಪು ಶಾಯಿಯಲ್ಲಿ ಬರೆದದ್ದರ ಅಡಿಯಲ್ಲೇ ಇನ್ನೊಂದು ಕೈಬರಹದಲ್ಲಿ "ಮಾಯಾಮೃಗ" ಎಂದಿದ್ದರೆ ಒಳಗೆ ಎರಡೂ ಅರ್ಧರ್ಧ ಇರುತ್ತದೆ ಎಂದು ಅರ್ಥ.

ಇನ್ನು ವಿಸಿಆರ್. ಜಗತ್ತಿನಲ್ಲಿ ಕೊನೆಯದಾಗಿ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪೆನಿ 2016ರ ಜುಲೈಯಲ್ಲಿ ನಿಲ್ಲಿಸಿತು. ಈಗ ಸಿಗುವುದೆಲ್ಲ ಹಳೆಯದು. ಹಳೆಯ ವಿಸಿಆರಿನಲ್ಲಿ ಮೊದಲು ಸಾಯುವುದು ರಬ್ಬರು. ಟೇಪನ್ನು ಎಳೆಯುವ ಪಿಂಚ್ ರೋಲರ್ ಗಟ್ಟಿಯಾಗಿ ಹೊಳೆಯುತ್ತಿದ್ದರೆ ಟೇಪು ಜಾರುತ್ತದೆ, ಧ್ವನಿ ತೇಲುತ್ತದೆ. ಬೆಲ್ಟು ಕರಗಿ ಬೆಲ್ಲದ ಪಾಕದಂತೆ ಅಂಟಿದ್ದರೆ ಕ್ಯಾಸೆಟ್ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಆದ್ದರಿಂದ ಮೊದಲು ಕೆಲಸಕ್ಕೆ ಬಾರದ ಕ್ಯಾಸೆಟ್ಟೊಂದನ್ನು ಮೂರು ಗಂಟೆ ಪೂರ್ತಿ ಓಡಿಸಿ, ತುದಿಯಿಂದ ತುದಿಗೆ ಸುತ್ತಿ, ಹೊರತೆಗೆದು ಅಂಚು ನೋಡಬೇಕು. ಅಂಚಿನಲ್ಲಿ ಸುಕ್ಕು ಕಂಡರೆ ಆ ಯಂತ್ರ ಬೇಡ.

ಹೆಡ್ ಒರೆಸುವ ಕ್ರಮದಲ್ಲಿ ಹೆಚ್ಚಿನವರು ತಪ್ಪುವುದು ದಿಕ್ಕಿನಲ್ಲಿ. 62 ಮಿಲಿಮೀಟರ್ ವ್ಯಾಸದ ಆ ಡ್ರಮ್ಮು ನಿಮಿಷಕ್ಕೆ 1,500 ಸುತ್ತು ತಿರುಗುತ್ತದೆ. ಅದರ ಅಂಚಿನಲ್ಲಿ ಕೂದಲಿನ ದಪ್ಪಕ್ಕಿಂತಲೂ ಕಡಿಮೆ ಎದ್ದು ನಿಂತ ಫೆರೈಟ್ ಚೂರುಗಳೇ ಹೆಡ್. ಕಿವಿಗೆ ಹಾಕುವ ಹತ್ತಿಕಡ್ಡಿ ತಾಗಿಸಿದರೆ ಎಳೆ ಸಿಕ್ಕಿ ಚೂರು ಕಿತ್ತುಬರುತ್ತದೆ. ಸಾದಾ ಬಿಳಿ ಕಾಗದದ ಪಟ್ಟಿಯನ್ನು ಆಲ್ಕೊಹಾಲಿನಲ್ಲಿ ನೆನೆಸಿ, ಡ್ರಮ್ಮಿಗೆ ಬೆರಳಿನಿಂದ ಮೆಲ್ಲಗೆ ಆನಿಸಿ, ಕಾಗದವನ್ನು ಅಲುಗಿಸದೆ ಇನ್ನೊಂದು ಕೈಯಿಂದ ಡ್ರಮ್ಮನ್ನು ನಾಲ್ಕೈದು ಸುತ್ತು ತಿರುಗಿಸಬೇಕು. ಕಾಗದದಲ್ಲಿ ಕಂದು ಗೆರೆ ಮೂಡುತ್ತದೆ. ಗೆರೆ ಮೂಡುವುದು ನಿಲ್ಲುವ ತನಕ ಹೊಸ ಹೊಸ ಕಾಗದ. ಮೇಲಕ್ಕೂ ಕೆಳಕ್ಕೂ ಯಾವತ್ತೂ ಒರೆಸಬಾರದು. ಒರೆಸಿದ ಮೇಲೆ ಹತ್ತು ನಿಮಿಷ ಆರಲು ಬಿಡದೆ ಟೇಪು ಹಾಕಿದರೆ ಒದ್ದೆ ಡ್ರಮ್ಮಿಗೆ ಅದು ಸುತ್ತಿಕೊಳ್ಳುತ್ತದೆ.

ಪರದೆಯ ಮೇಲೆ ಹಿಮ ಬೀಳುವಂತೆ ಚುಕ್ಕೆ ಕಂಡಾಗ ಅದು ಅಂದಿನ ಆಂಟೆನಾದ್ದೋ ಇಂದಿನ ಕೊಳೆ ಹೆಡ್ಡಿನದ್ದೋ ಎಂದು ಬೇರೆ ಮಾಡುವುದು ಕಾಸರಗೋಡಿನಲ್ಲಿ ದೊಡ್ಡ ವಿದ್ಯೆ. ನಾವು ಹಿಡಿದ ದಾರಿ: ಅಂಗಡಿಯಲ್ಲಿ ಕೊಂಡ ಸಿನಿಮಾ ಕ್ಯಾಸೆಟ್ ಒಂದನ್ನು ಪರೀಕ್ಷೆಗೆಂದೇ ಇಟ್ಟುಕೊಂಡು, ಸಂಶಯ ಬಂದಾಗಲೆಲ್ಲ ಅದನ್ನು ಅರ್ಧ ನಿಮಿಷ ಓಡಿಸುವುದು. ಅದೂ ಚುಕ್ಕೆಯಾದರೆ ಹೆಡ್ ಒರೆಸಬೇಕು. ಅದು ಸ್ಪಷ್ಟವಾಗಿದ್ದರೆ ಕುಂಬಳೆಯ ಆ ಮನೆಯಲ್ಲಿ ಆ ಸಂಜೆ ಗಾಳಿಗೆ ಆಂಟೆನಾ ತಿರುಗಿತ್ತು, ಅಷ್ಟೆ. ಅಂದಿನ ಚುಕ್ಕೆಯಾದರೆ ಧ್ವನಿಯಲ್ಲಿಯೂ ಸುಯ್ಯೆಂಬ ಸದ್ದು ಏರಿಳಿಯುತ್ತದೆ. ಹೆಡ್ಡಿನ ಕೊಳೆಯಾದರೆ ಚಿತ್ರ ಹೋದರೂ ಮಾತು ಸ್ವಚ್ಛವಾಗಿ ಕೇಳುತ್ತದೆ, ಏಕೆಂದರೆ ಸಾಧಾರಣ ಮೋನೋ ಧ್ವನಿಯನ್ನು ಟೇಪಿನ ಅಂಚಿನಿಂದ ಓದುವುದು ಬೇರೆಯೇ ಹೆಡ್.

ಕಂಪ್ಯೂಟರಿಗೆ ಏರಿಸುವ ಸಾಲು ಹೀಗಿತ್ತು: ಎಸ್-ವಿಡಿಯೋ (ಬೆಳಕನ್ನೂ ಬಣ್ಣವನ್ನೂ ಬೇರೆ ಬೇರೆ ತಂತಿಯಲ್ಲಿ ಕಳಿಸುವ) ಕಿಂಡಿಯಿರುವ ವಿಸಿಆರ್, ಅಲ್ಲಿಂದ ಪ್ಯಾನಾಸಾನಿಕ್ ಇಎಸ್15 ಡಿವಿಡಿ ರೆಕಾರ್ಡರ್, ಅಲ್ಲಿಂದ ಸಿಗ್ನಲನ್ನು ಫೈಲಾಗಿಸುವ ಕ್ಯಾಪ್ಚರ್ ಕಾರ್ಡ್. ನಡುವಿನ ಡಿವಿಡಿ ರೆಕಾರ್ಡರಿನಲ್ಲಿ ಏನನ್ನೂ ರೆಕಾರ್ಡ್ ಮಾಡುವುದಿಲ್ಲ. ಸಿಗ್ನಲ್ ಅದರೊಳಗಿನಿಂದ ಹಾದುಹೋಗುವಾಗ ಓರೆಕೋರೆ ಸಾಲುಗಳು ನೇರವಾಗುತ್ತವೆ. ಅದಿಲ್ಲದೆ ಆಂಟೆನಾದಿಂದ ಹಿಡಿದ ಟೇಪುಗಳಲ್ಲಿ ಚಿತ್ರದ ಮೇಲ್ಭಾಗ ಗಾಳಿಗೆ ಬಾಗಿದ ಬಾವುಟದಂತೆ ಒಂದು ಕಡೆಗೆ ಎಳೆಯುತ್ತಿತ್ತು, ಕಂಬ ಬಾಗಿಲುಗಳೆಲ್ಲ ನೀರಿನಲ್ಲಿ ಕಂಡಂತೆ ಅಲುಗುತ್ತಿದ್ದವು. ಅದರ ಮೆನುವಿನಲ್ಲಿ ಚುಕ್ಕೆ ಅಳಿಸುವ ನಾಯ್ಸ್ ರಿಡಕ್ಷನ್ ಆಫ್ ಮಾಡಿಡಬೇಕು, ಇಲ್ಲದಿದ್ದರೆ ವೇಗವಾಗಿ ಕೈ ಬೀಸಿದಾಗ ಹಿಂದೆ ಬಾಲ ಬರುತ್ತದೆ. ಅಗ್ಗದ ಯುಎಸ್‌ಬಿ ಡೊಂಗಲ್ ಒಂದರಿಂದ ಶುರುಮಾಡಿದ್ದೆವು. ಅರ್ಧ ಗಂಟೆಯಾಗುವಾಗ ಮಾತು ತುಟಿಗಿಂತ ಒಂದು ಸೆಕೆಂಡು ಹಿಂದೆ. ಸಿಂಕ್ ಕಡಿದಲ್ಲೆಲ್ಲ ಅದು ಸದ್ದಿಲ್ಲದೆ ಫ್ರೇಮು ನುಂಗುತ್ತದೆ, ಧ್ವನಿಯನ್ನು ಮಾತ್ರ ಬಿಡದೆ ಹಿಡಿಯುತ್ತದೆ. ಆ ವಾರದ ಕೆಲಸವನ್ನೆಲ್ಲ ಅಳಿಸಿ ಮೊದಲಿನಿಂದ ಮಾಡಬೇಕಾಯಿತು. ಅದರಲ್ಲಿ ಎರಡು ಟೇಪು ಎರಡನೆಯ ಓಟಕ್ಕೆ ಚಿತ್ರ ಕೊಡಲಿಲ್ಲ.

ಅಳತೆ 720ಕ್ಕೆ 576, ಸೆಕೆಂಡಿಗೆ 25 ಫ್ರೇಮು, ಇಂಟರ್‌ಲೇಸ್ (ಬೆಸ ಸಾಲು, ಸಮ ಸಾಲು ಸರದಿಯಲ್ಲಿ ಬರುವ ಕ್ರಮ) ಇದ್ದ ಹಾಗೇ. ವರ್ಚುವಲ್‌ಡಬ್ ತಂತ್ರಾಂಶದಲ್ಲಿ, ವಿವರ ಕಳೆಯದೆ ಫೈಲು ಕುಗ್ಗಿಸುವ ಹಫ್‌ವೈಯುವಿ ಕೋಡೆಕ್, ಧ್ವನಿ 48 ಕಿಲೋಹರ್ಟ್ಸ್. ಗಂಟೆಗೆ 30ರಿಂದ 40 ಜಿಬಿ ಬೇಕು. ಚುಕ್ಕೆ ಹೆಚ್ಚಿದಷ್ಟು ಫೈಲು ಊದಿಕೊಳ್ಳುತ್ತದೆ. ಡಿಸ್ಕು ಎನ್‌ಟಿಎಫ್‌ಎಸ್ ಆಗಿರಬೇಕು, ಎಫ್‌ಎಟಿ32 ಆದರೆ 4 ಜಿಬಿಯಲ್ಲಿ ನಿಂತುಬಿಡುತ್ತದೆ. ವೈಫೈ, ಆಂಟಿವೈರಸ್, ತಾನಾಗಿ ನಡೆಯುವ ಅಪ್‌ಡೇಟ್ ಎಲ್ಲ ಬಂದ್. ವಿಸಿಆರಿನಲ್ಲಿ ಸಿಗ್ನಲ್ ಇಲ್ಲದಾಗ ನೀಲಿ ಪರದೆ ತೋರಿಸುವ ಸೌಲಭ್ಯ ಇದ್ದರೆ ಅದನ್ನೂ ಆಫ್ ಮಾಡಬೇಕು: ದುರ್ಬಲ ಚಿತ್ರ ಬಂದಾಗ ಯಂತ್ರವೇ ತೀರ್ಮಾನ ಮಾಡಿ ಅದನ್ನು ನೀಲಿಯಿಂದ ಮುಚ್ಚುತ್ತದೆ, ಉಳಿದಿದ್ದ ಅರೆಬರೆಯೂ ಕೈತಪ್ಪುತ್ತದೆ. ಹೆಡ್ಡನ್ನು ಚಿತ್ರದ ಪಟ್ಟೆಗೆ ಹೊಂದಿಸುವ ಟ್ರ್ಯಾಕಿಂಗನ್ನು ಆಟೋಗೆ ಬಿಡದೆ ಕೈಯಿಂದ ಸರಿಪಡಿಸುವುದು ಮೇಲು. ಮಾಡುವಾಗ ಕ್ಯಾಪ್ಚರ್ ಓಡುತ್ತಲೇ ಇರಲಿ. ಸರಿಪಡಿಸಿ ಆದಮೇಲೆ ಶುರುಮಾಡೋಣ ಎಂದರೆ ಮೊದಲ ಎರಡು ನಿಮಿಷದ ಶೀರ್ಷಿಕೆ ಗೀತೆ ಹೋಯಿತು. ಉಳಿತಾಯಕ್ಕೆಂದು ಎಲ್‌ಪಿ ವೇಗದಲ್ಲಿ ಮೂರು ಗಂಟೆಯ ಟೇಪಿಗೆ ಆರು ಗಂಟೆ ತುಂಬಿಸಿದವರು ನಮ್ಮಲ್ಲಿ ಬಹಳ. ಅಂಥ ಟೇಪಿನಲ್ಲಿ ಚಿತ್ರದ ಪಟ್ಟೆ ಅರ್ಧದಷ್ಟು ಕಿರಿದು, ಒಂದು ವಿಸಿಆರಿನಲ್ಲಿ ಬಾರದ್ದು ಇನ್ನೊಂದರಲ್ಲಿ ಬಂದೀತು. ರೆಕಾರ್ಡ್ ಮಾಡಿದ ಯಂತ್ರವೇ ಆ ಮನೆಯಲ್ಲಿ ಉಳಿದಿದ್ದರೆ ಅದನ್ನೇ ದುರಸ್ತಿ ಮಾಡಿಸಿ ಬಳಸುವುದು ಎಲ್ಲಕ್ಕಿಂತ ಒಳ್ಳೆಯದು.

ಕರೆಂಟಿನ ವಿಷಯ ಬಿಟ್ಟರೆ ಈ ಊರಿನ ಬರಹ ಪೂರ್ತಿಯಾಗದು. ಟೇಪು ಡ್ರಮ್ಮಿಗೆ ಸುತ್ತಿಕೊಂಡಿರುವಾಗ ಕರೆಂಟು ಹೋದರೆ ವಿಸಿಆರ್ ಅದೇ ಭಂಗಿಯಲ್ಲಿ ನಿಲ್ಲುತ್ತದೆ. ಕೈ ಹಾಕಬಾರದು, ಕರೆಂಟು ಬಂದಾಗ ಅದೇ ಬಿಡಿಸಿಕೊಳ್ಳುತ್ತದೆ. ಮನೆಯ ಸಾಮಾನ್ಯ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಓಡಿಸಿದರೆ ಧ್ವನಿಯಲ್ಲಿ ಜೇನುಗೂಡು, ಚಿತ್ರದಲ್ಲಿ ಮೇಲೇರುವ ಪಟ್ಟಿ. ಸೈನ್ ವೇವ್ ಯುಪಿಎಸ್ಸೇ ಬೇಕು. ಅದಿದ್ದೂ ಗುಂಯ್ ಎಂಬ ಸದ್ದು ನಿಲ್ಲದಿದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಅರ್ಥ್ ಸುತ್ತಿಬರುವ ದಾರಿ ಕಡಿದು ಸದ್ದು ಅಲ್ಲಿಗೆ ನಿಲ್ಲುತ್ತದೆ. ಏಸಿ ಕೋಣೆಯಿಂದ ತಂದ ವಿಸಿಆರನ್ನು ಮಳೆಗಾಲದ ಚಾವಡಿಯಲ್ಲಿ ಕೂಡಲೇ ಹಚ್ಚಿದರೆ ತಣ್ಣನೆಯ ಡ್ರಮ್ಮಿನ ಮೇಲೆ ಇಬ್ಬನಿ ಕೂರುತ್ತದೆ. ಒಳ್ಳೆಯ ಯಂತ್ರಗಳಲ್ಲಿ ಅದನ್ನು ಗುರುತಿಸಿ ತಡೆಯುವ ಸೆನ್ಸರ್ ಇರುತ್ತದೆ, ಎಲ್ಲದರಲ್ಲಿ ಇಲ್ಲ. ಎರಡು ಗಂಟೆ ಕಾದರೆ ಆಯಿತು.

ಮೂರು ಟೇಪು ನಡುವೆ ಕಡಿದವು. ಮನೆಯ ಸೆಲ್ಲೋಟೇಪಿನಿಂದ ಅಂಟಿಸಿದರೆ ಅದರ ಅಂಟು ಹೆಡ್ಡಿಗೆ ಹತ್ತುತ್ತದೆ, ಬಿಸಿಗೆ ಪಕ್ಕಕ್ಕೆ ಜಾರುತ್ತದೆ. ಸ್ಪ್ಲೈಸಿಂಗ್ ಟೇಪು ಬೇರೆಯೇ ಸಿಗುತ್ತದೆ. ಕಡಿದ ಎರಡೂ ತುದಿಗಳನ್ನು ಒಂದರ ಮೇಲೊಂದಿಟ್ಟು ಹೊಸ ಬ್ಲೇಡಿನಿಂದ ಒಟ್ಟಿಗೇ ಕೊಯ್ದು, ಎದುರುಬದುರು ಇಟ್ಟು, ಹೆಡ್ಡಿಗೆ ತಾಗದ ಬೆನ್ನಿನ ಬದಿಯಿಂದ ಮಾತ್ರ ಅಂಟಿಸಬೇಕು. ಟೇಪು ಸೆಕೆಂಡಿಗೆ 2.34 ಸೆಂಟಿಮೀಟರ್ ಓಡುವುದರಿಂದ ಸುಕ್ಕಾದ ಐದು ಸೆಂಟಿಮೀಟರ್ ಕತ್ತರಿಸಿದರೂ ಹೋಗುವುದು ಎರಡೇ ಸೆಕೆಂಡು. ಅದನ್ನು ಉಳಿಸುವ ಆಸೆಗೆ ಹೆಡ್ಡಿನ ಜೀವ ಪಣಕ್ಕಿಡುವುದು ಬೇಡ. ಅಂಟಿಸಿದ ಟೇಪನ್ನು ಒಂದೇ ಸಲ ಓಡಿಸಿ ನಿವೃತ್ತಿ ಕೊಟ್ಟೆವು.

ಗಟ್ಟಿಮುಟ್ಟಾದ ಟೇಪಾದರೆ ಮೂರು ಸಲ ಏರಿಸಿ, ಮೂರನ್ನೂ ಫ್ರೇಮಿಗೆ ಫ್ರೇಮು ಹೊಂದಿಸಿ, ಪ್ರತಿ ಬಿಂದುವಿಗೂ ನಡುವಿನ ಬೆಲೆ ಆರಿಸುವ ಕ್ರಮ ಉಂಟು. ಒಂದು ಓಟದಲ್ಲಿ ಬಿದ್ದ ಬಿಳಿ ಗೀರು ಇನ್ನೆರಡರಲ್ಲಿ ಅದೇ ಜಾಗದಲ್ಲಿ ಬೀಳುವುದು ಅಪರೂಪ, ಹಾಗಾಗಿ ತಾನಾಗಿ ಮಾಯ. ಶ್ರಮ ಬಹಳ, ಶೀರ್ಷಿಕೆ ಗೀತೆಗೆ ಮಾತ್ರ ಮಾಡಿದೆವು.

ಮೂಲ ಫೈಲನ್ನು ಮುಟ್ಟದೆ ಇಟ್ಟು, ನೋಡುವ ಪ್ರತಿಯನ್ನು ಬೇರೆ ತೆಗೆಯಬೇಕು. ಇಂಟರ್‌ಲೇಸ್ ಬಿಡಿಸಲು ಕ್ಯೂಟಿಜಿಎಂಸಿ ಎಂಬ ತಂತ್ರಾಂಶ, ಸೆಕೆಂಡಿಗೆ 50 ಫ್ರೇಮಾಗಿ. 25ಕ್ಕೆ ಇಳಿಸಿದರೆ ಯಕ್ಷಗಾನದ ರಭಸದ ಸುತ್ತು ಧೀಂಗಿಣ ತಡವರಿಸಿದಂತೆ ಕಾಣುತ್ತದೆ. ಬೆಸ ಸಾಲು, ಸಮ ಸಾಲುಗಳ ಗುಂಪುಗಳಾದ ಫೀಲ್ಡುಗಳ ಕ್ರಮ ಹಿಂದುಮುಂದಾದರೆ ನಡೆಯುವ ಮನುಷ್ಯ ಎರಡು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ ಹಾಕಿದಂತೆ ನಡುಗುತ್ತಾನೆ. ಕಂಡ ಕೂಡಲೇ ಗೊತ್ತಾಗುತ್ತದೆ. ಅಡಿಯ ಹತ್ತು ಸಾಲುಗಳಲ್ಲಿ ಕಾಣುವ ಗಜಿಬಿಜಿ ದೋಷವಲ್ಲ, ಹೆಡ್ ಬದಲಾಗುವ ಜಾಗ. ಹಳೆಯ ಟಿವಿಗಳಲ್ಲಿ ಅದು ಚೌಕಟ್ಟಿನ ಹಿಂದೆ ಮುಚ್ಚಿಹೋಗುತ್ತಿತ್ತು. ಅದರ ಮೇಲೆ ಕಪ್ಪು ಪಟ್ಟಿ ಎಳೆದರೆ ಸಾಕು. ಎಚ್.264 ಕೋಡೆಕ್, ಗುಣಮಟ್ಟದ ಅಳತೆ ಸಿಆರ್‌ಎಫ್ 17ರಲ್ಲಿ ಗಂಟೆಗೆ ಎರಡು ಮೂರು ಜಿಬಿ. ಮತ್ತೆ, ಚಿತ್ರ 4:3 ಇದ್ದದ್ದು 4:3 ಆಗಿಯೇ ಇರಲಿ. ಈಗಿನ ಅಗಲ ಟಿವಿಗೆ ಹಿಗ್ಗಿಸಿ ಎಲ್ಲರನ್ನೂ ದಪ್ಪ ಮಾಡಿ ನೋಡುವ ಚಟ ಎಲ್ಲಿಂದ ಬಂತೋ!

ಎಲ್ಲಕ್ಕಿಂತ ಹೆಚ್ಚು ಹೊತ್ತು ತಿಂದದ್ದು ಯಂತ್ರದ ಕೆಲಸವಲ್ಲ, ಕಂತುಗಳ ಕ್ರಮ. ವಾರಕ್ಕೆ ಹಲವು ದಿನ ಬರುವ ಧಾರಾವಾಹಿಯನ್ನು ಮೂರು ಮನೆಯವರು ಬೇರೆ ಬೇರೆ ದಿನ ಹಿಡಿದಿದ್ದಾರೆ, ಒಬ್ಬರೂ ತಾರೀಕು ಬರೆದಿಲ್ಲ. ಇಲ್ಲಿ ಜಾಹೀರಾತು ಕತ್ತರಿಸದೆ ಇಟ್ಟದ್ದು ಉಪಕಾರಕ್ಕೆ ಬಂತು. ಕಂತು ಮುಗಿದ ಮೇಲೆ ನಿಲ್ಲಿಸಲು ಮರೆತ ಟೇಪಿನಲ್ಲಿ ವಾರ್ತೆ ಬರುತ್ತದೆ, ಕೆಲವದರಲ್ಲಿ ಚಾನೆಲು ತಿರುಗಿಸಿದ ಮೇಲಿನ ಮಲಯಾಳ ವಾರ್ತೆ. ಚುನಾವಣೆ, ಕ್ರಿಕೆಟ್ ಪಂದ್ಯ, ಓಣಂ ರಿಯಾಯಿತಿಯ ಜಾಹೀರಾತು: ಇವನ್ನು ಹಿಡಿದು ವಾರ ಗೊತ್ತುಮಾಡಿದೆವು. ಉಳಿದದ್ದನ್ನು ಹಿಂದಿನ ಕಂತಿನ ಪುನರಾವರ್ತನೆಯಿಂದ ಜೋಡಿಸಿದೆವು. ಒಂದೇ ಕಂತು ಎರಡು ಮನೆಯಲ್ಲಿ ಸಿಕ್ಕಿ, ಒಂದರಲ್ಲಿ ಮೊದಲರ್ಧಕ್ಕೆ ಕರೆಂಟಿಲ್ಲ, ಇನ್ನೊಂದರಲ್ಲಿ ಕೊನೆಗೆ ಟೇಪು ಮುಗಿದಿದೆ ಎಂದಾಗ ಹೊಲಿಗೆ ಹಾಕಬಹುದು. ಬಣ್ಣ ಮಾತ್ರ ಒಂದು ನೀಲಿ ಒಂದು ಹಳದಿ. ಸರಿಪಡಿಸಲು ಹೋಗಲಿಲ್ಲ, ಹೊಲಿಗೆ ಎಲ್ಲಿದೆ ಎಂದು ಗೊತ್ತಿರಬೇಕು. ಫೈಲಿನ ಹೆಸರಿನಲ್ಲಿ ಧಾರಾವಾಹಿ, ಟೇಪಿನ ಅಂಕಿ, ಎಷ್ಟನೆಯ ಓಟ. ಜೊತೆಗೊಂದು, ಫೈಲು ಕೆಟ್ಟಿಲ್ಲವೆಂದು ತಾಳೆ ನೋಡಲು, ಎಸ್‌ಎಚ್‌ಎ-256 ಲೆಕ್ಕದ ಕಡತ, ಎರಡು ಡಿಸ್ಕು ಎರಡು ಊರಿನಲ್ಲಿ.

ಗ್ರಂಥಾಲಯದ ಸಭಾಂಗಣದಲ್ಲಿ ಎಲ್ಲರಿಗೂ ತೋರಿಸೋಣ ಎಂದು ಹೊರಟಾಗ ಕಾನೂನು ನೋಡಬೇಕಾಯಿತು. ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆಯಲ್ಲಿ ಪ್ರಸಾರ ಸಂಸ್ಥೆಯ ಪ್ರಸಾರದ ಹಕ್ಕಿಗೆ 25 ವರ್ಷ, ಧಾರಾವಾಹಿಯಂಥ ಚಲಚ್ಚಿತ್ರ ಕೃತಿಯ ಹಕ್ಕಿಗೆ 60 ವರ್ಷ. ಎರಡನ್ನೂ ಮರುವರ್ಷದ ಆರಂಭದಿಂದ ಎಣಿಸಬೇಕು. 1998ರ ಪ್ರಸಾರದ ಹಕ್ಕು 2023ರ ಕೊನೆಗೆ ಮುಗಿದರೂ ಧಾರಾವಾಹಿಯ ಹಕ್ಕು 2058ರ ತನಕ ಉಂಟು. ಎಂಬತ್ತರ ದಶಕದ ಮಾಲ್ಗುಡಿಯ ಹಕ್ಕೂ ಇನ್ನೂ ಮುಗಿದಿಲ್ಲ. ಮನೆಯಲ್ಲಿ ರೆಕಾರ್ಡ್ ಮಾಡಿದ್ದು ನಮ್ಮದು ಎಂಬ ಭಾವನೆಗೆ ಕಾನೂನಿನಲ್ಲಿ ಜಾಗವಿಲ್ಲ. ಹಾಗಾಗಿ ಮನೆಯ ಪ್ರತಿಗಳು ಆಯಾ ಮನೆಗೆ, ಅವರೇ ನೋಡಲಿಕ್ಕೆ. ಅಂತರ್ಜಾಲಕ್ಕೆ ಯಾವುದನ್ನೂ ಏರಿಸಲಿಲ್ಲ. ಸಭಾಂಗಣದ ಪ್ರದರ್ಶನಕ್ಕೆ ಹಕ್ಕುದಾರರ ಲಿಖಿತ ಒಪ್ಪಿಗೆ ಬೇಕು, ಅದು ಬಾರದೆ ಭಿತ್ತಿಪತ್ರ ಅಂಟಿಸಬಾರದು. ನಾವು ಅಂಟಿಸಿದ್ದೆವು, ಕಿತ್ತು ತೆಗೆದೆವು.

ಮನೆಗಳಲ್ಲಿ ನೋಡುವಾಗ ಗಮನಿಸಿದ್ದು ಎರಡು. ಒಂದು, ಪ್ರೊಜೆಕ್ಟರಿಗಿಂತ 32 ಇಂಚಿನ ಟಿವಿ ಮೇಲು. ವಿಎಚ್‌ಎಸ್ಸಿನಲ್ಲಿರುವುದೇ ಸುಮಾರು 240 ಗೆರೆಯ ವಿವರ, ಅದನ್ನು ಹತ್ತಡಿ ಗೋಡೆಗೆ ಹಿಗ್ಗಿಸಿದರೆ ಮುಖ ಕರಗುತ್ತದೆ. ಇನ್ನೊಂದು, ಶೀಟಿನ ಮಾಡಿದ್ದರೆ ಮಳೆಗಾಲದಲ್ಲಿ ಬೇಡ. ಆ ಸದ್ದಿನಲ್ಲಿ ಮೋನೋ ಧ್ವನಿ ಯಾರಿಗೂ ಕೇಳುವುದಿಲ್ಲ. 80 ಹರ್ಟ್ಸ್‌ನ ಕೆಳಗಿನದ್ದನ್ನು ಕತ್ತರಿಸಿ ಸ್ಪೀಕರನ್ನು ಕಿವಿಯ ಎತ್ತರಕ್ಕೆ ಇಟ್ಟರೆ ಅಜ್ಜಿಯಂದಿರಿಗೂ ಮಾತು ಬಿಡಿಬಿಡಿಯಾಗಿ ಸಿಗುತ್ತದೆ. ಜಾಹೀರಾತು ಬಂದಾಗ ಎಲ್ಲರೂ ಜೊತೆಗೇ ಹಾಡುತ್ತಾರೆ, ನಾವು ಅದನ್ನು ಕತ್ತರಿಸಿ ಕೊಟ್ಟಿದ್ದ ಪ್ರತಿಯನ್ನು ಒಂದು ಮನೆಯವರು ವಾಪಸು ತಂದು ಬದಲಿಸಿಕೊಂಡು ಹೋದರು.

ಪೆನ್‌ಡ್ರೈವಿನ ಜೊತೆ ಕ್ಯಾಸೆಟ್ಟನ್ನೂ ಹಿಂದಿರುಗಿಸುತ್ತೇವೆ. "ಇನ್ನು ಇದನ್ನು ಬಿಸಾಡಬಹುದಲ್ಲ?" ಎಂದು ಕೇಳದವರಿಲ್ಲ. ಬಿಸಾಡಬೇಡಿ, ಪೂರ್ತಿ ಹಿಂದಕ್ಕೆ ಸುತ್ತಿ, ನಿಲ್ಲಿಸಿ, ಕೂರುವ ಕೋಣೆಯ ಕಪಾಟಿನಲ್ಲಿ ಸ್ಪೀಕರಿನಿಂದ ದೂರ ಇಡಿ. ಪುನಃ ಅಟ್ಟಕ್ಕೆ ಹಾಕಬೇಡಿ. ವರ್ಷಕ್ಕೊಮ್ಮೆ, ದೀಪಾವಳಿ ಕಳೆದ ಒಣಹವೆಯಲ್ಲಿ, ಕಿಟಕಿಗೆ ಟಾರ್ಚು ಹಿಡಿದು ಬಿಳಿ ಪುಡಿ ಇದೆಯೇ ನೋಡಿ.